ಒಂದು ಮೀಟರಿನ ಚೌಕ

ಬಾ ಗ್ವೆನ್ಲಿಯನ್, ಬೂಟು ಕಳಚಬೇಡ,
ಮರಳು ಹೇಗೂ ಒಳಗೇ ಇದೆ.
ಕಿಟಕಿಯ ದಂಡೆಯ ಮೇಲೆ, ಸಕ್ಕರೆ ಡಬ್ಬಿಯ ಕಂಠದಲ್ಲಿ,
ಮೊನ್ನೆ ಬ್ರೆಡ್ಡಿನಲ್ಲೂ ಕಿರಕ್ಕೆಂದಿತು.
ಎಲ್ಲ ಆ ಕುದುರೆಗಳ ಉಪಕಾರ ಎಂದು
ಕೌನ್ಸಿಲ್ಲಿಗೆ ಕಾಗದ ಹೋಯಿತಲ್ಲ, ಬರೆದವಳು ನಾನೇ.
ಹನ್ನೊಂದು ಸಹಿಯಲ್ಲಿ ಮೊದಲನೆಯದು:
ಮೊರ್ವಿದ್ ಪ್ಯಾರಿ, ವಯಸ್ಸು ಎಂಬತ್ತೊಂದು.

ಚಹಾ ಆರುತ್ತದೆ, ಕುಡಿ.
ನಿನ್ನ ಮರದ ಚೌಕವನ್ನು ಗೋಡೆಗೆ ಒರಗಿಸು.
ಮೀಟರು ಉದ್ದ, ಮೀಟರು ಅಗಲ,
ಅಷ್ಟರೊಳಗೆ ದಿಬ್ಬವನ್ನೇ ಹಿಡಿದು ಎಣಿಸುತ್ತೀಯಂತೆ.
ಮೊದಲ ವರ್ಷ ನೂರರಲ್ಲಿ ತೊಂಬತ್ತು ಹುಲ್ಲು, ಬರಿಮರಳು ಸೊನ್ನೆ.
ಈ ವರ್ಷ ಹುಲ್ಲು ಐವತ್ತೆರಡು, ಮರಳು ಇಪ್ಪತ್ತು,
ಉಳಿದದ್ದರಲ್ಲಿ ಹಾವಸೆ, ಕಾಡು ಥೈಮ್,
ಉಗುರಗಲದ ನೇರಳೆ ಹೂ,
ಮತ್ತೆ ಒಂದು ಲದ್ದಿ.
ಲದ್ದಿಗೂ ಕಲಂ ಇದೆ ಎಂದು ನಕ್ಕೆ ನೀನು.

ನನ್ನಮ್ಮನ ಎಣಿಕೆ ಬೇರೆ ಥರ.
ಆ ಹುಲ್ಲಿಗೆ ನಮ್ಮ ವೆಲ್ಷ್ ಮಾತಿನಲ್ಲಿ ಮೊರೆಸ್ಗ್.
ಹೆಸರಲ್ಲೇ ಮೊರೆತ ಇದೆ ನೋಡು, ಗಾಳಿ ಎದ್ದ ರಾತ್ರಿ
ಕಡಲು ಯಾವುದು ಹುಲ್ಲು ಯಾವುದು, ಹೇಳಲಾಗದು.
ಆಗಸ್ಟಿನಲ್ಲಿ ಕೊಯ್ದು, ಬಿಳಿಚುವ ತನಕ ಬಿಸಿಲಿಗೆ ಹರಡಿ,
ಹೆಂಗಸರು ಚಾಪೆ ಹೆಣೆಯುತ್ತಿದ್ದರು, ಬಣವೆಗೆ ಹೊದಿಸುವ ಚಾಪೆ.
ಗಜಕ್ಕೆ ಇಷ್ಟು ಪೆನ್ನಿ. ಬೆರಳಿನ ಸೀಳು ಲೆಕ್ಕಕ್ಕಿಲ್ಲ.

ಅಪ್ಪ ಮೊಲದವನು.
ದಿಬ್ಬದ ಬೆನ್ನಿಗೆಲ್ಲ ಬಿಲ, ಬಿಲದ ಬಾಯಿಗೆಲ್ಲ ಅವನ ಉರುಲು.
ವಾರಕ್ಕೆರಡು ಸಲ ರೈಲು ಹತ್ತಿ ಲಿವರ್‌ಪೂಲಿಗೆ ಹೋಗುತ್ತಿದ್ದವು
ಬುಟ್ಟಿ ಬುಟ್ಟಿ ಮೊಲ, ಕಿವಿ ಹೊರಗೆ ಚಾಚಿಕೊಂಡು.
ಎಷ್ಟು ಹೋದರೂ ಮೇಯಲು ಸಾಕಷ್ಟು ಉಳಿಯುತ್ತಿದ್ದವು.
ದಿಬ್ಬ ಆಗ ಬೋಳು, ಬೆಳ್ಳಗೆ,
ಪ್ರತಿ ಚಳಿಗಾಲ ಮಗ್ಗುಲು ಬದಲಿಸುವ ಮೈ.
ತಗ್ಗಿನ ನೀರಿನಂಚಿಗೆ ಆರ್ಕಿಡ್ಡು,
ಕುಪ್ಪಳಿಸದೆ ಓಡುವ ಒಂದು ಜಾತಿ ಕಪ್ಪೆ.

ಹತ್ತು ವರ್ಷದವಳು ನಾನು, ಎಲೆಯುದುರುವ ಕಾಲ.
ಮೊಲಗಳ ಕಣ್ಣು ಊದಿತು.
ಓಡಲಿಲ್ಲ ಅವು. ಹಾದಿಯ ನಡುವೆಯೇ ಕೂತಿದ್ದವು,
ಕೇಳಿಸುತ್ತದೆ, ಕಾಣುತ್ತಿಲ್ಲ ಎನ್ನುವ ಹಾಗೆ ತಲೆ ತಿರುಗಿಸುತ್ತ.
ಅಪ್ಪ ಉರುಲು ಬಿಟ್ಟು ದೊಣ್ಣೆ ಹಿಡಿದ.
ಏಳು ರಾತ್ರಿ. ಲಾಟೀನು ನನ್ನ ಕೈಯಲ್ಲಿ.
ಗುಂಡಿ ಎಲ್ಲಿ ಎಂದು ಯಾರಿಗೂ ಹೇಳಬೇಡ ಎಂದ.
ಹೇಳಲಿಲ್ಲ.

ಆಮೇಲೆ ಹಸಿರು ಬಂತು.
ಬೇಡವೆನ್ನುವವರು ಯಾರು? ಹಸಿರು ತಾನೆ!
ಹುಲ್ಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ,
ಮುಳ್ಳುಪೊದೆ, ಬರ್ಚ್ ಸಸಿ, ಯಾರೂ ನೆಡದ ಹಾಥಾರ್ನ್.
ಮರಳು ಅಲುಗದೆ ಮಲಗಿತು.
ಪಾದ್ರಿ ದೇವರಿಗೆ ಕೃತಜ್ಞತೆ ಹೇಳಿದರು.
ನೇರಳೆ ಹೂ ಯಾವ ವರ್ಷ ಹೋಯಿತೆಂದು ಯಾರೂ ಬರೆದಿಡಲಿಲ್ಲ,
ನಾನೂ.

ಈಗ ಲಾರಿಯಲ್ಲಿ ಬಂದಿಳಿದ ಹದಿನಾಲ್ಕು ಗಿಡ್ಡ ಕುದುರೆ:
ಜೋಲುಹೊಟ್ಟೆ, ಕಣ್ಣ ಮೇಲೆ ಜಡೆಗಟ್ಟಿದ ಕೂದಲು,
ಚಳಿಗಾಲವಿಡೀ ಒರಟು ಹುಲ್ಲನ್ನೇ ಹರಿಹರಿದು ತಿಂದು
ಗೊರಸಿನಿಂದ ದಿಬ್ಬದ ಹಕ್ಕಳೆ ಎಬ್ಬಿಸಿದವು.
ಆ ಗಾಯಕ್ಕೆ ಗಾಳಿ ಬೆರಳಿಟ್ಟಿತು.
ನನ್ನ ಸಕ್ಕರೆಗೆ ಮರಳು ಬಿತ್ತು.

ಸರಿ, ಜೇಬಿನಿಂದ ತೆಗೆ. ಅದಕ್ಕೇ ಬಂದದ್ದು ನೀನು, ಗೊತ್ತು.
ಹದಿನೇಳನೆಯ ಚೌಕ, ಅಲ್ಲವೆ? ಹಳೆಯ ಬೇಲಿಯ ತೆಂಕಕ್ಕೆ.
ಇಷ್ಟು ಸಣ್ಣ ದವಡೆ. ಇಷ್ಟು ಬಿಳಿ.
ಎಷ್ಟಿವೆ?
ಎಣಿಸಲಾಗಲಿಲ್ಲ ಎನ್ನುತ್ತೀಯ. ನಮಗೂ ಆಗಲಿಲ್ಲ.
ನಿನ್ನ ಹಾಳೆಯಲ್ಲಿ ಇದಕ್ಕೆ ಕಲಂ ಇಲ್ಲ; ಲದ್ದಿಯ ಪಕ್ಕ ಬರೆದುಕೋ:
ಹಿಂದೆ ಇಲ್ಲಿ ಮೇಯುತ್ತಿದ್ದವು.

ಕಾಗದ ವಾಪಸು ತೆಗೆದುಕೊಳ್ಳುವುದಿಲ್ಲ ನಾನು.
ಮರಳು ನನ್ನ ಹಲ್ಲಿಗೆ ಆಗದು.
ಆದರೆ ನಾಳೆ ಆ ಕಡೆ ಹೋದರೆ ಒಂದು ಹಿಡಿ ಮೊರೆಸ್ಗ್ ತಾ,
ಕುದುರೆ ಬಾಯಿ ಹಾಕದ್ದು, ಉದ್ದನೆಯದು.
ಮೂರೆಳೆ ಮೇಲೆ, ಒಂದೆಳೆ ಕೆಳಗೆ,
ಅಲ್ಲಿಯ ತನಕ ಬೆರಳಿಗೆ ನೆನಪಿದೆ.
ಅಂಚು ಮಡಿಸುವುದು ಹೇಗೆಂದು
ಅಮ್ಮ ತೋರಿಸುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ.